ಪೆಕಾನ್ ನೆಲದ ಮೇಲೆ ಅಕ್ಕ

"ಕೈ ಬಿಡೋ, ನಾನೇ ಹೋಗ್ತೀನಿ," ಎಂದವಳೇ ಅಕ್ಕ ತನ್ನ ಗಾಲಿಕುರ್ಚಿಯನ್ನು ಮರದಂಗಡಿಯಲ್ಲಿ ಮಾದರಿಗೆಂದು ಹಾಸಿದ್ದ ಪೆಕಾನ್ ಮರದ ನೆಲದ ಮೇಲೆ ಹತ್ತಿಸಿದಳು. ತಮ್ಮ ತಬ್ಬಿಬ್ಬಾಗಿ ಹಿಂದೆ ಸರಿದ. ಅಪಘಾತವಾದಾಗಿನಿಂದ ಅವಳು ಏನನ್ನೂ ಬಯಸಿರಲಿಲ್ಲ. ಎಲ್ಲರೂ ಒಟ್ಟಿಗಿರಲೆಂದು ಅವನು ಕಟ್ಟಿಸುತ್ತಿದ್ದ ಹೊಸ ಮನೆಯ ಮಾತೆತ್ತಿದರೂ, "ನಿಮಗೆ ಹೇಗೆ ಬೇಕೋ ಹಾಗೆ ಮಾಡ್ಕೊಳ್ಳಿ," ಎಂದು ಮುಖ ತಿರುಗಿಸುತ್ತಿದ್ದಳು.

"ಭಾರಿ ಗಟ್ಟಿ ಮರ ಮೇಡಂ, ಕುರ್ಚಿ ಗಾಲಿಗೆಲ್ಲ ಜಗ್ಗಲ್ಲ," ಎಂದರು ಅಂಗಡಿಯವರು.

"ನೋಡೇ ಬಿಡೋಣ," ಎಂದು ಅಕ್ಕ ಒಂದು ಗಾಲಿಯನ್ನು ಬಿಗಿಹಿಡಿದು ಇನ್ನೊಂದನ್ನು ಜೋರಾಗಿ ನೂಕಿದಳು. ಕುರ್ಚಿ ನಿಂತಲ್ಲೇ ಗಿರ್ರನೆ ತಿರುಗಿತು. ಆಮೇಲೆ ಅವಳು ಬಗ್ಗಿ, ಗಾಲಿ ಉಜ್ಜಿದ ಜಾಗದ ಮೇಲೆ ಅಂಗೈ ಆಡಿಸಿದಳು. ಕೆನೆಬಣ್ಣದ ಹಲಗೆಗಳ ತುಂಬ ಕೆಂಗಂದು ಗೆರೆಗಳು ಹರಿದಿದ್ದವು. ಒಂದು ಹಲಗೆಯಂತೆ ಇನ್ನೊಂದಿರಲಿಲ್ಲ. ಗೀರು ಮಾತ್ರ ಹುಡುಕಿದರೂ ಸಿಗಲಿಲ್ಲ. ಅವಳ ಕೈ ಒಂದು ಗೆರೆಯನ್ನು ಹಿಡಿದು ಹಲಗೆಯ ತುದಿಯವರೆಗೂ ಹೋಯಿತು.

"ಎಷ್ಟು ಚೆಂದ ಇದೆಯೋ ಇದು! ಅಡುಗೆಮನೆ ನೆಲಕ್ಕೂ ಇದೇ ಇರ್ಲಿ, ಕಪಾಟಿಗೂ ಇದೇ ಇರ್ಲಿ."

"ಆಯ್ತಕ್ಕ," ಎಂದ ತಮ್ಮ. ಮರುಗಳಿಗೆಯೇ ಕೇಳಿದ: "ಕಪಾಟು ಎಷ್ಟು ಎತ್ತರಕ್ಕೆ ಹಾಕಿಸೋಣ?"

ಅಕ್ಕ ಕೂತಲ್ಲಿಂದಲೇ ಬಲಗೈಯನ್ನು ಮೇಲಕ್ಕೆ ಚಾಚಿ, ಗಾಳಿಯಲ್ಲಿ ಹಾಗೇ ಹಿಡಿದಳು.

"ಇಷ್ಟಕ್ಕೆ. ಅಡುಗೆ ಮಾಡೋಳು ನಾನು. ನಿಂಗೆ ಏನಾದ್ರೂ ಬೇಕಾದ್ರೆ ಬಗ್ಗಿ ತಗೋ."