ಪರದೆಯ ಅಳತೆ

ಪರದೆ ಒಮ್ಮೆ ಕತ್ತಲಾಗಿ ಮತ್ತೆ ಬೆಳಗಿತು. ಅಷ್ಟರಲ್ಲಿ ಅಕ್ಷರಗಳೆಲ್ಲ ದಪ್ಪಗೆ ಊದಿಕೊಂಡಿದ್ದವು. ಮಹಾನಂದಾಳ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತವು.

ಇಷ್ಟು ಹೊತ್ತು ಮೂಗು ತಾಗುವಷ್ಟು ಹತ್ತಿರ ಬಂದವರಿಗಷ್ಟೇ ಓದಲು ಬರುವಂತೆ ಸಣ್ಣಗೆ ಬರೆದಿದ್ದಳು. ಈಗ ಬಾಗಿಲಲ್ಲಿ ನಿಂತವರಿಗೂ ಕಾಣುವಂತಿತ್ತು: ‘ಊರ ನೀರಿನ ಟಾಕಿಯಿಂದ ದೌಲತರಾಯರ ಕಬ್ಬಿಗೆ ಕಳ್ಳ ಪೈಪು ಹೋಗಿದೆ.’

ಭೀಮೆಯ ದಂಡೆಯ ಆ ಊರಿನ ಪಂಚಾಯತಿಗೆ ಸುಮಿತ್ರಾಬಾಯಿ ಅಧ್ಯಕ್ಷರು. ಕುರ್ಚಿಯಲ್ಲಿ ಕೂರುತ್ತಿದ್ದವನು ಮಾತ್ರ ಗಂಡ ದೌಲತರಾಯ. ಆತ ಬೆರಳಿಟ್ಟಲ್ಲಿ ಆಕೆ ಸಹಿ ಹಾಕಿ, ಸೆರಗು ಎಳೆದುಕೊಂಡು ಮನೆಗೆ ಹೋಗುತ್ತಿದ್ದರು. ಸಹಿ ಒಂದು ಬಿಟ್ಟರೆ ಆಕೆಗೆ ಅಕ್ಷರ ಬಾರದು ಎಂದು ಊರಿಗೆಲ್ಲ ಗೊತ್ತು. ಇವತ್ತೂ ಸಭೆಗೆ ಮುಂಚೆ ಬಂದು, ಮಹಾನಂದಾಳ ಮೊಳಕೈ ಪಕ್ಕದಲ್ಲೇ ಬಗ್ಗಿ, ಹಾಜರಿ ಬುಕ್ಕಿಗೆ ನಿಧಾನವಾಗಿ ಸಹಿ ಹಾಕಿ ಹೋಗಿದ್ದರು. ಬರೆಯತೊಡಗಿದ್ದ ದೂರು ಪರದೆಯ ಮೇಲೆ ತೆರೆದೇ ಇತ್ತು. ಮುಚ್ಚಬೇಕೆಂದು ಮಹಾನಂದಾಳಿಗೆ ಅನಿಸಿರಲೂ ಇಲ್ಲ.

ಮಹಾನಂದಾ ಅಲ್ಲಿಯ ತಾತ್ಕಾಲಿಕ ಕಂಪ್ಯೂಟರ್ ಆಪರೇಟರ್. ದೌಲತರಾಯ ಒಂದು ಮಾತು ಅಂದರೆ ನಾಳೆಯಿಂದ ಕೆಲಸಕ್ಕೆ ಬರುವಂತಿಲ್ಲ. ಆದರೆ ಕೆಳಗಿನ ಓಣಿಯ ನಳ ಒಣಗಿ ನಾಲ್ಕು ತಿಂಗಳಾಗಿತ್ತು. ಹೊಳೆಯಿಂದ ಕೊಡ ಹೊತ್ತು ತರುವಾಗ ಅತ್ತೆ ಸಾಬವ್ವ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು. ಪೈಪಿನ ಫೋಟೊ, ಪಂಪಿನ ಲೆಕ್ಕ ಎಲ್ಲ ಇದೇ ಕಂಪ್ಯೂಟರಿನಲ್ಲಿದ್ದವು. ಇವತ್ತು ಗ್ರಾಮಸಭೆ, ಊರೆಲ್ಲ ಗೋಡೆಯ ಆಚೆಯ ಹಾಲಿನಲ್ಲಿ. ಜಿಲ್ಲೆಗೆ ದೂರು ಕಳಿಸಲು ಇದೇ ಸಮಯ ಎಂದುಕೊಂಡಿದ್ದಳು. ದೂರುದಾರರ ಹೆಸರು ಗುಟ್ಟಾಗಿಡಲಾಗುವುದು ಎಂದು ಅರ್ಜಿಯಲ್ಲಿ ಬರೆದಿತ್ತು. ಹೆಸರು ತುಂಬಿದ್ದಳು.

ಫೋಟೊಗಳು ಇನ್ನೂ ಅಪ್‌ಲೋಡ್ ಆಗುತ್ತಿದ್ದವು. ಮುಚ್ಚಿದರೆ ಬರೆದದ್ದೆಲ್ಲ ಹೋಗುತ್ತದೆ. ಬಾಗಿಲ ಚಿಲಕ ಬೀಳುವುದಿಲ್ಲ. ಅಫಜಲಪುರದ ಕಂಪ್ಯೂಟರ್ ಅಂಗಡಿಯ ಜುಬೇರನಿಗೆ ಫೋನ್ ಹಚ್ಚಿದಳು.

“ಜುಬೇರ, ಅಕ್ಷರ ಎಲ್ಲ ಢಬ್ಬ ಆಗ್ಯಾವಪಾ. ಲಗೂನ ಸಣ್ಣ ಮಾಡೂದು ಹೇಳು.”

“ಕಣ್ಣಿಗೆ ಛಲೋನೇ ಆತಲ್ರಿ ಅಕ್ಕಾ. ಚಸ್ಮಾ ಖರ್ಚು ಉಳೀತು.”

“ಚೇಷ್ಟಿ ಮಾಡಬ್ಯಾಡೋ. ಜೀವ ಬಾಯಿಗೆ ಬಂದದ.”

“ಆಯ್ತ್ರಿ, ಆಯ್ತ್ರಿ. ಡಿಸ್‌ಪ್ಲೇ ಸೆಟ್ಟಿಂಗ್ಸ್ ತಗೀರಿ. ರೆಸಲ್ಯೂಶನ್ ಅಂತದಲ್ಲ, ಅಲ್ಲಿ ಎಷ್ಟದ?”

“ಸಾವಿರದ ಮುನ್ನೂರ ಅರವತ್ತಾರು.”

“ಅದ್ಹೆಂಗ? ನಾ ಸಾವಿರದ ಒಂಬೈನೂರ ಇಪ್ಪತ್ತು ಕೂಡಿಸಿದ್ದೆ. ಅದನ್ನೇ ಮತ್ತ ಒತ್ರಿ.”

ಒತ್ತಿದಳು. ಪರದೆ ಕಪ್ಪಾಯಿತು.

“ಹೋತೋ ಜುಬೇರ! ಏನೂ ಇಲ್ಲ!”

“ಗಾಬರಿ ಆಗಬ್ಯಾಡ್ರಿ. ಒಂದೂ ಬಟನ್ ಮುಟ್ಟಬ್ಯಾಡ್ರಿ. ಹದಿನೈದು ಸೆಕೆಂಡಿನಾಗ ತಾನ ಹಳೇದಕ್ಕ ಬರ್ತದ.”

ಒಂದು, ಎರಡು, ಮೂರು. ಗೋಡೆಯ ಆಚೆ ಒಮ್ಮೆಲೇ ಗದ್ದಲ ಎದ್ದಿತು. “ಹೋತಲ್ರೀ! ಹೋತು!” ಎಂದು ಯಾರೋ ಕೂಗಿದರು. ಕರೆಂಟು ಹೋಯಿತೆಂದುಕೊಂಡಳು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಹದಿಮೂರು, ಹದಿನಾಲ್ಕು.

ಪರದೆ ಬೆಳಗಿತು. ಅದೇ ದಪ್ಪ ಅಕ್ಷರ. ಆಚೆಯ ಗದ್ದಲ ಕತ್ತರಿಸಿದಂತೆ ನಿಂತಿತು. ಮುನ್ನೂರು ಜನ ಕೂತ ಹಾಲಿನಲ್ಲಿ ಒಂದು ಕೂಸು ಕೆಮ್ಮಿದ್ದೂ ಕೇಳಿಸಿತು. ದೌಲತರಾಯ ಮಾತಾಡಲು ಎದ್ದಿರಬೇಕು ಎಂದುಕೊಂಡಳು.

“ಹಂಗೇ ಅದಪಾ.”

“ಅದರ ಕೆಳಗ ರಿಫ್ರೆಶ್ ರೇಟ್ ನೋಡ್ರಿ. ಎಪ್ಪತ್ತೈದು ಇರಬೇಕು.”

“ಐವತ್ತು ಅದ.”



“ಐವತ್ತಾ? ಅಕ್ಕಾ, ನಿಮ್ಮ ಮಾನಿಟರಿಗೆ ನಾ ಐವತ್ತು ಇಟ್ಟೇ ಇಲ್ರಿ. ಅದು ಟೀವಿ ಕೇಳೂ ಅಳತಿ.”

“ಯಾವ ಟೀವಿ?”

“ಹಾಲಿಂದು. ಸರಕಾರದ ಮನಿ ಸಿಕ್ಕವರ ಪಟ್ಟಿ ತೋರಸಾಕ ಬೇಕು ಅಂತ ಪಂಚಾಯತಿಯವ್ರು ಅಂದಿದ್ರು. ಬೆಳಿಗ್ಗೆ ನೀವು ಬರೂಕಿಂತ ಮೊದಲೇ ಬಂದು, ನಿಮ್ಮ ತಂತಿ ಕವಲು ಮಾಡಿ ಅದಕ್ಕೂ ಹಚ್ಚಿ ಹೋಗೇನಿ. ಅದನ್ನ ಯಾರೋ ಚಾಲೂ ಮಾಡ್ಯಾರ. ನಿಮ್ಮಲ್ಲಿ ಏನದ, ಅಲ್ಲೂ ಅದೇ ಕಾಣಾಕತ್ತದ. ಯಾಕ್ರಿ, ಏನು ತೆರೆದೀರಿ?”

ಅರ್ಜಿಯ ಕೊನೆಯ ಸಾಲಿನಲ್ಲಿ ಆಕೆಯ ಹೆಸರು ಹೆಬ್ಬೆರಳಷ್ಟು ದಪ್ಪಗೆ ಕೂತಿತ್ತು.

ಹಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. “ಬಂದ್ ಮಾಡಸ್ರಿ ಮೊದಲ ಅದನ್ನ!” ದೌಲತರಾಯನ ದನಿ. ಹೆಜ್ಜೆಗಳು ಪಡಸಾಲೆಗೆ ಬಂದವು. ಬಾಗಿಲ ಹೊರಗೆ ನಿಂತವು. ಮಹಾನಂದಾಳ ಕೈ ಪ್ಲಗ್ಗಿನ ಕಡೆ ಹೋಯಿತು. ಕಿತ್ತರೆ ಮುಗಿಯಿತು. ಪ್ಲಗ್ಗನ್ನು ಹಿಡಿದಳು.

ಬಾಗಿಲು ತೆರೆಯಿತು. ಸುಮಿತ್ರಾಬಾಯಿ ಒಬ್ಬರೇ ಒಳಗೆ ಬಂದರು. ಆಕೆಯ ಕಣ್ಣುಗಳು ಪರದೆಯ ಮೇಲಿನ ಸಾಲುಗಳ ಮೇಲೆ ಎಡದಿಂದ ಬಲಕ್ಕೆ, ಎಡದಿಂದ ಬಲಕ್ಕೆ, ತಡೆಯಿಲ್ಲದೆ ಹರಿಯುತ್ತಿದ್ದವು.

“ಕೀಳಬ್ಯಾಡವ್ವಾ, ಟೀವಿ ಚಾಲೂ ಮಾಡಿದಾಕಿ ನಾನೇ,” ಎಂದರು, “ಹಿಂದ ಕುಂತವರಿಗೆ ಕಾಣವಲ್ದಂತ, ಇನ್ನಷ್ಟು ದೊಡ್ಡದು ಮಾಡು.”