ತಮ್ಮನ ಪಾಲಿನ ತುತ್ತು

ಮದುವೆ ಊಟ ಒಂದೆಲೆಗೆ ಆರುನೂರು ರೂಪಾಯಿ... ಎರಡು ಬಗೆ ಸಿಹಿ ಬೇಕೆಂದರೆ ಏಳುನೂರು.

ನಂಜನಗೂಡಿನ ಕೇಟರಿಂಗ್ ಷಡಕ್ಷರಿ ಹೇಳಿದ ರೇಟಿಗೆ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ಊಟ ಹಾಗಿರುತ್ತಿತ್ತು.

ಅಂಥವನು ಈಗ ತನ್ನ ಮನೆಯಲ್ಲೇ ತಟ್ಟೆ ಮುಂದೆ ಕೂತು, ಸುಮ್ಮನೆ ಕೈಯಾಡಿಸಿ ಎದ್ದುಬಿಡುತ್ತಿದ್ದ...

ತನ್ನ ಜೊತೆ ಒಲೆ ಮುಂದೆ ಬೆಂದು ವ್ಯಾಪಾರ ಕಟ್ಟಿದ ತಮ್ಮ ಗುರುಮಲ್ಲು ಹಾರ್ಟ್ ಅಟ್ಯಾಕ್ ಆಗಿ ಹೋದಾಗಿನಿಂದ ಹೀಗೆ.

ಅಳಲಿಲ್ಲ. ತಮ್ಮನ ಹೆಸರೆತ್ತಲಿಲ್ಲ. ಡಾಕ್ಟರಿಗೆ ತೋರಿಸೋಣ ಎಂದರೆ, "ನಂಗೇನಾಗದೆ?" ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದ.

ಹೆಂಡತಿ ಸರ್ವಮಂಗಳ ಬಾದಾಮಿ ಹಾಲು ಮಾಡಿದಳು, ಹೋಳಿಗೆ ಮಾಡಿದಳು. ಎಲ್ಲವೂ ಹಾಗೇ ಆರಿಹೋಗುತ್ತಿತ್ತು.

ಇವನೂ ತಮ್ಮನ ಹಿಂದೆಯೇ ಹೊರಟುಬಿಟ್ಟರೆ... ಎಂಬ ಭಯ ಅವಳ ಎದೆಯಲ್ಲಿ ಕೂತುಬಿಟ್ಟಿತ್ತು.

ಕೊನೆಗೆ ಅವನ ಅಕ್ಕ ಗೌರಮ್ಮಣ್ಣಿಗೆ ಫೋನ್ ಮಾಡಿದಳು. ಚಿಕ್ಕಂದಿನಲ್ಲಿ ತಮ್ಮಂದಿರಿಬ್ಬರಿಗೂ ಉಣ್ಣಿಸಿ ಬೆಳೆಸಿದವಳು ಅವಳೇ.

ಅಕ್ಕ ಬಂದವಳೇ ಅಡುಗೆಮನೆ ಇಣುಕಿದಳು. "ನಿನ್ನೆ ಬಸ್ಸಾರು ಉಳ್ಕಂಡದಾ?"

"ಅಯ್ಯೋ ಅತ್ಗೆ, ಹಳೇ ಸಾರಾ? ಬಿಸಿಬಿಸಿ ಮಾಡ್ಕೊಡ್ತೀನಿ ಇರಿ."

"ಬಸ್ಸಾರು ಹಳೇದಾದಷ್ಟೂ ರುಚಿ ಕಣವ್ವ. ನಮ್ಮಂಗೆ!"

ಸಾರು ಕುದಿಸಿ ಗಟ್ಟಿ ಮಾಡಿ, ಬೋಸಿಯಲ್ಲಿ ಅನ್ನಕ್ಕೆ ಕಲಸಿಕೊಂಡು, ನಡುಮನೆಯ ನೆಲದ ಮೇಲೆ ಕೂತಳು.

"ಬಾರ್ಲಾ, ಕೈ ನೀಡು."

"ಹಸಿವಿಲ್ಲ ಕಣಕ್ಕ."

"ನಿನ್ ಹಸಿವ ಯಾರ್ಲಾ ಕೇಳಿದ್ರು? ಊರಿಗೆಲ್ಲ ಬಡಿಸ್ದೋನಿಗೆ ಅಕ್ಕನ ಮುಂದೆ ಕೈ ನೀಡಕ್ಕೆ ಭಾರವಾ?"

ಅವನು ಒಲ್ಲದ ಮನಸ್ಸಿನಿಂದ ಬಂದು ಕೂತ.

ಅಕ್ಕ ತುತ್ತು ಕಟ್ಟಿ, ನಡುವೆ ಹೆಬ್ಬೆರಳಿನಿಂದ ಗುಳಿ ಒತ್ತಿ, ಗುಳಿಗೆ ತುಪ್ಪ ಬಿಟ್ಟು ಅವನ ಅಂಗೈಗಿಟ್ಟಳು.

ಆಮೇಲೆ ಹಳೆಯ ರೂಢಿಯಂತೆ ಅವಳ ಕೈ ಇನ್ನೊಂದು ತುತ್ತು ಕಟ್ಟಿತು... ಗುಳಿ ಒತ್ತಿ, ತುಪ್ಪ ಬಿಟ್ಟು, ಅವನ ಪಕ್ಕಕ್ಕೆ ಚಾಚಿತು.

ಗುರುಮಲ್ಲು ಕೂರುತ್ತಿದ್ದ ಜಾಗ. ಅಲ್ಲಿ ಯಾರೂ ಇರಲಿಲ್ಲ.

ಚಾಚಿದ ಕೈ ಹಾಗೇ ನಿಂತಿತು.

ಷಡಕ್ಷರಿ ನಿಧಾನವಾಗಿ ಎಡಗೈಯನ್ನೂ ಚಾಚಿದ.

"ಅವನ ಪಾಲೂ ನಂಗೇ ಕೊಡಕ್ಕ... ಕಳ್ಳ ಅವ್ನು, ಯಾವಾಗ್ಲೂ ನನ್ ಗುಳಿ ತುಪ್ಪ ಹೀರ್ಬುಡೋನು..."

ಮಾತು ಮುಗಿಯುವ ಮೊದಲೇ ಅಳು ಒಡೆಯಿತು. ಅಕ್ಕನ ಹೆಗಲಿಗೆ ತಲೆಯಿಟ್ಟು ಮಗುವಿನಂತೆ ಬಿಕ್ಕಿಬಿಕ್ಕಿ ಅತ್ತ.

ಅಕ್ಕ ತನ್ನ ಕಣ್ಣೀರನ್ನೂ ಒರೆಸಿಕೊಳ್ಳುತ್ತ ಅಂದಳು: "ಅಳು ಕಂದ, ಅಳು... ಬೋಸಿ ಮೇಲೆ ಮಾತ್ರ ಅಳ್ಬೇಡ, ಉಪ್ಪಾಯ್ತದೆ."

ಅಳುವಿನ ನಡುವೆಯೇ ಅವನಿಗೆ ನಗು ಬಂತು. ಬೋಸಿ ಖಾಲಿಯಾಯಿತು.

ಮರುದಿನ ಬೆಳಿಗ್ಗೆ ಅವನೇ ಹೆಂಡತಿಯನ್ನು ಕರೆದ. "ಮಂಗಳಾ, ತುಂಬ ದಿನದಿಂದ ನಿದ್ದೆನೇ ಇಲ್ಲ ಕಣೆ... ನಡಿ, ಡಾಕ್ಟ್ರತ್ರ ಹೋಗ್ಬರನ."

ಹಳೇ ಬಸ್ಸಾರಿನಿಂದ ಕಾಯಿಲೆ ವಾಸಿಯಾಯಿತು ಎಂದರೆ ಸುಳ್ಳಾದೀತು. ಡಾಕ್ಟರ ಮಾತು, ಮಾತ್ರೆ, ಎಲ್ಲವೂ ಬೇಕಾಯಿತು. ಆದರೆ ಹಾಸಿಗೆಯಿಂದ ಅವನನ್ನು ಎಬ್ಬಿಸಿ ಅಲ್ಲಿಗೆ ಕಳಿಸಿದ್ದು ಆ ತುತ್ತು.

ತಮ್ಮ ತಿರುಗಿ ಬರಲಿಲ್ಲ. ಸರ್ವಮಂಗಳಳ ಗಂಡ ತಿರುಗಿ ಬಂದ.

ಬಾಯಿ ಕಟ್ಟಿಹೋದ ದುಃಖಕ್ಕೆ ಬಾಲ್ಯದ ರುಚಿಯೇ ಮೊದಲ ಮಾತು.

ನಿಮ್ಮವರಲ್ಲಿ ಯಾರಾದರೂ ಈಚೆಗೆ ತಟ್ಟೆ ಮುಂದೆ ಸುಮ್ಮನೆ ಕೂತು ಎದ್ದುಹೋಗುತ್ತಿದ್ದಾರಾ...? ಚಿಕ್ಕಂದಿನಲ್ಲಿ ಅವರಿಗೆ ಏನಿಷ್ಟವಿತ್ತು, ನೆನಪಿದೆಯಾ?