ಅರ್ಧ ಮೀಸೆ

ನಿವೃತ್ತ ಡ್ರಿಲ್ ಮೇಷ್ಟ್ರ ಮೀಸೆಯ ಎಡಭಾಗ ಅವರ ಮಡಿಲಿಗೆ ಬಿತ್ತು. ಸಲೂನಿನ ಯಜಮಾನನ ಕೈಯಲ್ಲಿದ್ದ ರೇಜರ್ ಅಲ್ಲೇ ನಿಂತಿತು. ಇಡೀ ಶಾಲೆಯನ್ನು ಗಡಗಡ ನಡುಗಿಸಿದ ಮೀಸೆ ಅದು. ತುದಿ ಸಮ ಮಾಡುವುದು ಬಿಟ್ಟರೆ ಅದರ ತಂಟೆಗೆ ಯಾರೂ ಹೋದದ್ದಿಲ್ಲ. ಮೇಷ್ಟ್ರು ಕನ್ನಡಿ ನೋಡಿದರು, ಯಜಮಾನನನ್ನು ನೋಡಿದರು, ಮತ್ತೆ ಕನ್ನಡಿ ನೋಡಿದರು.

"ಏನಪ್ಪಾ ಇದು?" ಎಂದರು ತಣ್ಣಗೆ.

ಯಜಮಾನನ ಮಗಳು ಮೂಲೆಯಲ್ಲಿ ಟವೆಲು ಮಡಚುತ್ತಿದ್ದಳು. ಅಪ್ಪನ ಕೈ ಜಾರಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಎಲ್ಲ ತನ್ನಿಂದಲೇ ಆದದ್ದು ಎಂದುಕೊಂಡಳು. ಹುಟ್ಟಿದಾಗಿನಿಂದ ಎಲ್ಲರೂ ಅವಳನ್ನು ಗಂಡುಮಗ ಎಂದೇ ಬೆಳೆಸಿದ್ದರು. ಈವತ್ತು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ, ಎಷ್ಟೋ ಕಾಲದಿಂದ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತನ್ನು ಅವಳು ಆಡಿಬಿಟ್ಟಿದ್ದಳು: "ಅಪ್ಪಾ, ನಾನು ನಿನ್ನ ಮಗ ಅಲ್ಲ, ಮಗಳು. ಒಳಗೆ ಯಾವತ್ತೂ ಹಾಗೇ ಇದ್ದೆ. ಇನ್ಮೇಲೆ ಹೊರಗೂ ಹಾಗೇ ಇರ್ತೀನಿ." ಅಮ್ಮನಿಗೆ ಇದು ಮೊದಲೇ ತಿಳಿದಿತ್ತು. ಅಪ್ಪ ಮಾತ್ರ ತುಟಿ ಬಿಚ್ಚದೆ ಒಳಗೆ ಹೋಗಿ, ಹರಿತವಾಗಿಯೇ ಇದ್ದ ರೇಜರನ್ನು ಚರ್ಮದ ಪಟ್ಟಿಗೆ ಉಜ್ಜುತ್ತ ಕೂತಿದ್ದ. ಮಧ್ಯಾಹ್ನವಾದರೂ ಗಂಟಿಕ್ಕಿದ ಮುಖ ಸಡಿಲವಾಗಿರಲಿಲ್ಲ.

ಸಲೂನು ಇದ್ದದ್ದು ಒಂದೇ ಕೋಣೆ, ನಡುವೆ ದೊಡ್ಡ ಕೆಂಪು ಹೂವುಗಳ ಪರದೆ. ಈಚೆ ಗಂಡಸರಿಗೆ ಅಪ್ಪ, ಆಚೆ ಹೆಂಗಸರಿಗೆ ಅಮ್ಮ. ಗಂಡು ಕೈ ಈಚೆ, ಹೆಣ್ಣು ಕೈ ಆಚೆ ಎಂಬುದು ಅಂಗಡಿ ಶುರುವಾದ ದಿನ ಅಪ್ಪನೇ ಮಾಡಿದ ಕಾನೂನು. ಹೆಂಡತಿಯ ಬಾಚಣಿಗೆ ಬೇಕಾದರೂ ಪರದೆಯ ಅಡಿಯಿಂದ ಕೈ ಚಾಚುತ್ತಿದ್ದನೇ ಹೊರತು ಆ ಕಡೆ ಕಾಲಿಟ್ಟವನಲ್ಲ.

ಮೇಷ್ಟ್ರ ದನಿ ಕೇಳಿ ಅಮ್ಮ ಪರದೆ ಸರಿಸಿ ಇಣುಕಿದಳು. ಅವರ ಮುಖ ಕಂಡದ್ದೇ ನಗು ಒತ್ತರಿಸಿ ಬಂದು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಬೆಳಿಗ್ಗೆಯಿಂದ ನೋಡ್ತಾನೇ ಇದೀನಿ, ಮುಖ ಊದಿಸ್ಕೊಂಡು ಓಡಾಡ್ತಿದೀರ. ಮಗು ಅಷ್ಟು ಧೈರ್ಯ ಮಾಡಿ ಹೇಳಿದೆ. ಏನಿದ್ರೂ ಬಾಯಿ ಬಿಟ್ಟು ಹೇಳಿ."

"ನೀನು ಮಾತಾಡ್ಬೇಡ. ನಿನಗೇನು, ಕೂತಲ್ಲಿಗೇ ಲಾಭ ಬಂತು," ಎಂದು ಅಪ್ಪ ಸಿಡಿದ. "ಕೈ ಹಿಡಿದು ರೇಜರ್ ಕಲಿಸ್ದೋನು ನಾನು. ಅಂಥ ಹಗುರ ಕೈ ಊರೆಲ್ಲ ಹುಡುಕಿದ್ರೂ ಸಿಗಲ್ಲ. ಈಗ ಮಗಳು ಅಂದ್ಮೇಲೆ ಪರದೆ ಆಚೆ ಹೋಗ್ತಾಳೆ, ನೀನು ಉಗುರಿಗೆ ಬಣ್ಣ ಹಚ್ಚೋಕೆ ಕೂರಿಸ್ತೀಯ. ನನ್ನ ಕುರ್ಚಿಗೆ ಯಾರು ಗತಿ?"

ಮಗಳ ಕೈಯಿಂದ ಟವೆಲುಗಳು ಜಾರಿದವು. "ಅಪ್ಪಾ, ಇದಕ್ಕಾ ನೀನು ಮಾತು ಬಿಟ್ಟಿದ್ದು?"

"ಮತ್ತಿನ್ಯಾತಕ್ಕೆ?"

"ನಾನು ಹೇಳಿದ ವಿಷಯಕ್ಕೆ ಅಂದ್ಕೊಂಡೆ."

ಅಪ್ಪ ರೇಜರಿನ ನೊರೆ ಒರೆಸಿದ. "ನೋಡು, ಎಲ್ಲ ಅರ್ಥ ಆಯ್ತು ಅಂತ ಸುಳ್ಳು ಹೇಳಲ್ಲ. ನಿಧಾನಕ್ಕೆ ಆಗುತ್ತೆ. ಆದ್ರೆ ನಿನ್ನ ತಲೇಲಿ ಎರಡು ಸುಳಿ ಇದೆ, ಎಡಗಡೇದು ಬಾಚಣಿಗೆ ಮಾತು ಕೇಳಲ್ಲ. ಚಿಕ್ಕಂದಿನಿಂದ ನಾನೇ ಅಲ್ವಾ ಕತ್ತರಿಸಿದ್ದು. ಬೆಳಿಗ್ಗೆ ನೀನು ಹೇಳಿದ ಮೇಲೂ ನೋಡ್ದೆ, ಅದು ಅಲ್ಲೇ ನಿಗುರಿಕೊಂಡು ನಿಂತಿತ್ತು. ನಿನ್ನ ಜಾಗಕ್ಕೆ ಬೇರೆ ಯಾರೋ ಬಂದಿದ್ರೆ ತಾನೇ ನಾನು ಹೆದರ್ಬೇಕು?"

ನಗಬೇಕೋ ಅಳಬೇಕೋ ತಿಳಿಯದೆ ಮಗಳು ಎರಡನ್ನೂ ಒಟ್ಟಿಗೇ ಮಾಡಿದಳು. "ನಾನು ಯಾರು ಅಂತ ಹೇಳ್ದೆ ಅಷ್ಟೇ. ರೇಜರ್ ಬಿಡ್ತೀನಿ ಅಂತ ಯಾವಾಗ ಹೇಳ್ದೆ?"

"ಓಹೋ, ಹಾಗಾದ್ರೆ ನನ್ನ ಕಡೆ ಬರೋದೇ ಇಲ್ವಾ?" ಎಂದು ಈಗ ಅಮ್ಮ ಜಗಳಕ್ಕೆ ನಿಂತಳು.

"ಎರಡೂ ಕಡೆ ಮಾಡ್ತೀನಮ್ಮ."

"ನಿಮ್ಮ ಮನೆ ಪಂಚಾಯಿತಿ ಮುಗಿದಿದ್ರೆ," ಎಂದರು ಮೇಷ್ಟ್ರು, "ನಾನಿಲ್ಲಿ ಅರ್ಧ ಮೀಸೇಲಿ ಕೂತಿದೀನಿ."

ಅಪ್ಪ ರೇಜರನ್ನು ಮಗಳ ಕೈಗಿತ್ತ. ಅವಳು ನೊರೆ ಹಚ್ಚಿ ಉಳಿದರ್ಧವನ್ನೂ ತೆಗೆದಳು. ಬಿಸಿಲನ್ನೇ ಕಾಣದ ಬೆಳ್ಳನೆಯ ಮೇಲ್ತುಟಿಯೊಂದು ಹೊರಬಂತು. ಮೇಷ್ಟ್ರು ಅದನ್ನು ಸವರಿಕೊಂಡು ಹೊಟ್ಟೆ ಹಿಡಿದು ನಕ್ಕರು. "ಇದರ ಹಿಂದೆ ಇಂಥ ಸಾಧು ಮನುಷ್ಯ ಇದ್ದಾನೆ ಅಂತ ಗೊತ್ತಾಗಿದ್ರೆ ಒಂದು ಮಗೂನೂ ನನ್ನ ಮಾತು ಕೇಳ್ತಿರ್ಲಿಲ್ಲ." ಆಮೇಲೆ ಕನ್ನಡಿಯಲ್ಲೇ ಅವಳ ಮುಖ ನೋಡಿದರು. "ನೀನಂತೂ ಶಾಲೇಲಿ ಹುಡುಗರ ಸಾಲಲ್ಲಿ ನೆಟ್ಟಗೆ ನಿಂತೋಳೇ ಅಲ್ಲ. ಮೆಲ್ಲಗೆ ಹುಡುಗೀರ ಸಾಲಿನ ಕಡೆ ಜರುಗ್ತಿದ್ದೆ. ತರಲೆ ಅಂತ ಎಷ್ಟು ಸಲ ಮೈದಾನ ಸುತ್ತಿಸಿದೀನಿ. ಈಗ ಗೊತ್ತಾಯ್ತು ನೋಡಮ್ಮ, ಸಾಲು ತಪ್ಪಾಗಿ ಹಾಕಿದ್ದು ನಾನು."

ಅವಳು ಟವೆಲಿನಿಂದ ಅವರ ತುಟಿಯ ಮೇಲೆ ಉಳಿದ ನೊರೆ ಒರೆಸಿದಳು.

ಮರುದಿನ ಅಂಗಡಿ ತೆರೆದಾಗ ಪರದೆ ಇರಲಿಲ್ಲ. ಅಪ್ಪ ಅದನ್ನು ಕತ್ತರಿಸಿ, ಗಿರಾಕಿಗಳ ಕೊರಳಿಗೆ ಸುತ್ತುವ ಬಟ್ಟೆಗಳನ್ನು ಮಾಡಿಟ್ಟಿದ್ದ. ದಪ್ಪ ತೋಳಿನ ಲಾರಿ ಡ್ರೈವರೊಬ್ಬ ಮೈತುಂಬ ಕೆಂಪು ಹೂವು ಹೊದ್ದು ಅಮ್ಮನ ಕಡೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಮಗಳು ಅವನ ಗಡ್ಡ ತೆಗೆಯುತ್ತಿದ್ದಳು. ಅಪ್ಪ ಒಬ್ಬ ಹೆಂಗಸಿನ ಕೂದಲ ತುದಿ ಸಮ ಮಾಡುತ್ತಿದ್ದರೆ ಅಮ್ಮ ಪಕ್ಕದಲ್ಲೇ ನಿಂತು ತಪ್ಪು ಹುಡುಕುತ್ತಿದ್ದಳು.

ಹೊಸ ಗಿರಾಕಿಯೊಬ್ಬ ಬಾಗಿಲಲ್ಲಿ ಗಲಿಬಿಲಿಗೊಂಡು ನಿಂತ. "ಗಂಡಸರ ಕಡೆ ಯಾವುದು?"

ಅಪ್ಪ ಕೆಲಸದಿಂದ ತಲೆ ಎತ್ತಲಿಲ್ಲ.

"ಯಾವ ಕುರ್ಚಿ ಖಾಲಿ ಇದೆಯೋ, ಅದು."